ಭೂಕಂಪ ಫಲಕದ ಅಂಚಲ್ಲೇ ಆಗೋದಾದ್ರೆ ಕಿಲ್ಲಾರಿ ಯಾಕೆ ನಡುಗಿತು? (ಟೋಪೋಶೀಟ್ ಪ್ರಶ್ನೆಯೂ ಇದೆ)

ಓದುಗಿ_ಹಾವೇರಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಿಎ ಎರಡನೇ ವರ್ಷ, ಭೂಗೋಳ ತಗೊಂಡಿದ್ದೀನಿ. ನೋಟ್ಸಿನ ಒಂದು ಪುಟದಲ್ಲಿ ಭೂಕಂಪಗಳು ಭೂಫಲಕಗಳ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳ) ಅಂಚಿನಲ್ಲಿ ಆಗುತ್ತವೆ, ದಖನ್ ಪ್ರಸ್ಥಭೂಮಿ ಸ್ಥಿರ ಭೂಭಾಗ ಅಂತ ಇದೆ. ಪುಟ ತಿರುಗಿಸಿದ್ರೆ ಭಾರತದ ದೊಡ್ಡ ಭೂಕಂಪಗಳ ಪಟ್ಟಿಯಲ್ಲಿ 1967 ಕೊಯ್ನಾ, 1993 ಕಿಲ್ಲಾರಿ. ಎರಡೂ ಮಹಾರಾಷ್ಟ್ರದಲ್ಲಿ, ದಖನ್ ಮೇಲೇ ಇವೆಯಲ್ಲ! ಕ್ಲಾಸಲ್ಲಿ ಕೇಳಿದ್ದಕ್ಕೆ "ಅಪವಾದ ಅಂತ ಬರೆದುಬಿಡು, ಮಾರ್ಕ್ಸ್ ಬರುತ್ತೆ" ಅಂದ್ರು. ಮಾರ್ಕ್ಸ್ ಬರಬಹುದು, ನನಗೆ ಸಮಾಧಾನ ಆಗ್ತಿಲ್ಲ.

ಇನ್ನೊಂದು. ಪ್ರಾಕ್ಟಿಕಲ್‌ಗೆ "56 ಬಿ/12" ಅಂತ ಟೋಪೋಶೀಟ್ (ಸರ್ವೇ ಇಲಾಖೆಯ ಭೂನಕ್ಷೆ ಹಾಳೆ) ನಂಬರ್ ಕೊಟ್ಟು ಅದರ ಅಕ್ಷಾಂಶ, ರೇಖಾಂಶ ಬರೆಯಿರಿ ಅಂತಾರೆ. ಶೀಟ್ ಕೈಯಲ್ಲಿಲ್ಲದೆ ಬರೀ ನಂಬರ್ ನೋಡಿ ಹೇಳೋಕಾಗುತ್ತಾ?

ಭೂಗೋಳ_ಮೇಷ್ಟ್ರು · ಸೋಮವಾರ ರಾತ್ರಿ 10:25

ಅಪವಾದ ಅಂದುಬಿಟ್ಟರೆ ಪ್ರಶ್ನೆ ಮುಚ್ಚಿಹೋಗುತ್ತೆ ಕಣಮ್ಮ, ಉತ್ತರ ಸಿಗೋದಿಲ್ಲ. ಜಗತ್ತಿನ ದೊಡ್ಡ ಭೂಕಂಪಗಳಲ್ಲಿ ಬಹುಪಾಲು ಫಲಕಗಳ ಅಂಚಿನಲ್ಲೇ ಆಗುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಚಿನಲ್ಲಿ ಬಿದ್ದ ಒತ್ತಡ ಅಂಚಿನಲ್ಲೇ ಉಳಿಯುತ್ತೆ ಅಂತ ಯಾರು ಹೇಳಿದ್ದು?

ನಮ್ಮ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಈಶಾನ್ಯದ ಕಡೆಗೆ ಸರಿಯುತ್ತಿದೆ. ಯುರೇಷ್ಯಾ ಫಲಕಕ್ಕೆ ಗುದ್ದಿ ಸುಮಾರು 5 ಕೋಟಿ ವರ್ಷ ಆಯಿತು, ತಳ್ಳುವುದನ್ನು ಇನ್ನೂ ನಿಲ್ಲಿಸಿಲ್ಲ. ಆ ಸರಿದಾಟದಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ.ಯಷ್ಟನ್ನು ಹಿಮಾಲಯ ಅರಗಿಸಿಕೊಳ್ಳುತ್ತದೆ, ಮಿಕ್ಕಿದ್ದರಲ್ಲಿ ಹೆಚ್ಚಿನದು ಟಿಬೆಟ್ ಮತ್ತು ಅದರಾಚೆ ಹಂಚಿಹೋಗುತ್ತದೆ. ಮುಂದಿನ ತುದಿ ಗೋಡೆಗೆ ಒತ್ತಿಕೊಂಡಾಗ ಹಿಂದಿನ ಮೈಯೂ ಬಿಗಿಯಾಗುತ್ತೆ. ಆ ಮೈಯಲ್ಲಿ ಹಳೇ ಬಿರುಕುಗಳಿದ್ದರೆ, ಸಾವಿರಾರು ವರ್ಷ ಸುಮ್ಮನಿದ್ದು ಒಂದು ದಿನ ಜಾರುತ್ತವೆ.

ದೂರ ಎಷ್ಟು ಅಂತ ನೀವೇ ಅಟ್ಲಾಸ್ ತೆಗೆದು ನೋಡಿ. ಕಿಲ್ಲಾರಿ 18 ಡಿಗ್ರಿ ಉತ್ತರ ಅಕ್ಷಾಂಶ. ಅದೇ ರೇಖಾಂಶ ಹಿಡಿದು ನೆಟ್ಟಗೆ ಉತ್ತರಕ್ಕೆ ಹೋದರೆ ಚಂಡೀಗಢದ ಹತ್ತಿರ, 31 ಡಿಗ್ರಿಗೆ ಸ್ವಲ್ಪ ಈಚೆ, ಶಿವಾಲಿಕ್ ಬೆಟ್ಟಗಳು ಸಿಗುತ್ತವೆ. ಒಂದು ಡಿಗ್ರಿ ಅಕ್ಷಾಂಶ ಅಂದರೆ 111 ಕಿ.ಮೀ. ಲೆಕ್ಕ ಹಾಕಿದರೆ ಸುಮಾರು 1,400 ಕಿ.ಮೀ. ಅಷ್ಟು ದೂರದ ಒತ್ತಡ ಇಲ್ಲಿ ಕೆಲಸ ಮಾಡಿದೆ. ಇಂಥವಕ್ಕೆ ಫಲಕದೊಳಗಿನ ಭೂಕಂಪ ಅನ್ನುತ್ತಾರೆ. "ಸ್ಥಿರ" ಅನ್ನುವುದನ್ನು "ಹಿಮಾಲಯಕ್ಕೆ ಹೋಲಿಸಿದರೆ ಅಪರೂಪಕ್ಕೆ ನಡುಗುವ" ಅಂತ ಓದಿಕೊಳ್ಳಿ, ನಿಮ್ಮ ಎರಡು ಪುಟಗಳ ಜಗಳ ಅರ್ಧ ಮುಗಿಯುತ್ತೆ.

ನಕ್ಷೆಹುಚ್ಚ · ಸೋಮವಾರ ರಾತ್ರಿ 11:02

ಟೋಪೋಶೀಟ್ ಪ್ರಶ್ನೆ ನನಗೆ ಬಿಡಿ.

ಸರ್ವೇ ಆಫ್ ಇಂಡಿಯಾದ ಹಳೇ ಶೀಟುಗಳ ನಂಬರ್ ಅಂದರೆ ಪೋಸ್ಟಿನ ವಿಳಾಸ ಇದ್ದ ಹಾಗೆ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೆ. ಮೊದಲಿನ 56 ಅನ್ನೋದು 4 ಡಿಗ್ರಿ ಉದ್ದ, 4 ಡಿಗ್ರಿ ಅಗಲದ ಚೌಕ. ಇದೊಂದನ್ನ ನೆನಪಿಟ್ಟುಕೊಳ್ಳಲೇಬೇಕು: 56ರದ್ದು ಉತ್ತರ ಅಕ್ಷಾಂಶ 16ರಿಂದ 20, ಪೂರ್ವ ರೇಖಾಂಶ 76ರಿಂದ 80. ಅದರ ಕೆಳಗಿನದು 57, ಅಂದ್ರೆ 12ರಿಂದ 16. 56ರ ಎಡಕ್ಕೆ 47, 57ರ ಎಡಕ್ಕೆ 48. ಈ ನಾಲ್ಕು ಗೊತ್ತಿದ್ರೆ ಕರ್ನಾಟಕದ ಹೆಚ್ಚುಕಡಿಮೆ ಎಲ್ಲಾ ಜಾಗ ಬಂತು. ದಕ್ಷಿಣದ ತುದಿಯಲ್ಲಿ ಸ್ವಲ್ಪ 58ಕ್ಕೆ ಇಳಿಯುತ್ತೆ.

ಈಗ ಆ ಚೌಕವನ್ನ 16 ಭಾಗ ಮಾಡಿ ಎ ಇಂದ ಪಿ ತನಕ ಅಕ್ಷರ ಕೊಡ್ತಾರೆ. ಎಲ್ಲರೂ ಎಡವೋದು ಇಲ್ಲೇ. ನಾವು ಓದೋ ಹಾಗೆ ಎಡದಿಂದ ಬಲಕ್ಕೆ ಅಲ್ಲ! ವಾಯವ್ಯ ಮೂಲೆಯಿಂದ ಶುರುಮಾಡಿ ಮೇಲಿಂದ ಕೆಳಕ್ಕೆ ಎ, ಬಿ, ಸಿ, ಡಿ. ಮತ್ತೆ ಪಕ್ಕದ ಲಂಬಸಾಲಿನ ಮೇಲ್ತುದಿಗೆ ಹೋಗಿ ಇ, ಎಫ್, ಜಿ, ಎಚ್. ಹಾಗಾಗಿ 56 ಬಿ ಅಂದ್ರೆ ಮೊದಲ ಸಾಲಿನ ಎರಡನೇ ಮನೆ: ಅಕ್ಷಾಂಶ 18–19, ರೇಖಾಂಶ 76–77. ಇದು 1:2,50,000 ಪ್ರಮಾಣದ ಡಿಗ್ರಿ ಶೀಟ್.

ಇದನ್ನ ಇನ್ನೊಮ್ಮೆ 16 ಮಾಡಿದ್ರೆ ಒಂದೊಂದು 15 ನಿಮಿಷದ್ದು, ಪ್ರಮಾಣ 1:50,000. ನಂಬರ್ ಹಾಕೋದು ಮತ್ತೆ ಮೇಲಿಂದ ಕೆಳಕ್ಕೆ. 12 ಅಂದ್ರೆ ಮೂರನೇ ಸಾಲಿನ ಕೊನೇ ಮನೆ. ರೇಖಾಂಶ 76°30' ಇಂದ 76°45', ಅಕ್ಷಾಂಶ 18°00' ಇಂದ 18°15'.

ಕಿಲ್ಲಾರಿ ಎಲ್ಲಿದೆ? ಸುಮಾರು 18°04' ಉತ್ತರ, 76°35' ಪೂರ್ವ. ನಿಮ್ಮ ಲೆಕ್ಚರರ್ ಬೇಕಂತಲೇ ಈ ನಂಬರ್ ಕೊಟ್ಟಿದ್ದಾರೆ ಅನ್ಸುತ್ತೆ ನೋಡಿ :)

ಓದುಗಿ_ಹಾವೇರಿ · ಸೋಮವಾರ ರಾತ್ರಿ 11:20

ಅಯ್ಯೋ ಹೌದಾ! ನಾನು ಎಡದಿಂದ ಬಲಕ್ಕೇ ಎಣಿಸ್ತಾ ಇದ್ದೆ, ಅದಕ್ಕೇ 12ನೇ ಮನೆ ಎಲ್ಲೋ ಬಲಗಡೆ ಅಂಚಿಗೆ ಹೋಗ್ತಿತ್ತು. ಥ್ಯಾಂಕ್ಸ್ ಸರ್.

ಹಾಗಾದ್ರೆ ಬೆಂಗಳೂರು 57 ಎಚ್/9 ಬರಬೇಕು ಅಲ್ವಾ? 12°58', 77°35' ಹಾಕಿ ನೋಡಿದೆ.

ನಕ್ಷೆಹುಚ್ಚ · ಸೋಮವಾರ ರಾತ್ರಿ 11:31

ಬಂತು. ಊರಿನ ಉತ್ತರ ಭಾಗ 13 ಡಿಗ್ರಿ ದಾಟಿ 57 ಜಿಗೆ ಹೋಗುತ್ತೆ ಅನ್ನೋದನ್ನೂ ಸೇರಿಸಿ ಬರೆದ್ರೆ ಪರೀಕ್ಷಕರಿಗೆ ಖುಷಿ.

ಹೊಸ ಓಪನ್ ಸೀರೀಸ್ ನಕ್ಷೆಗಳ ನಂಬರ್ ಪದ್ಧತಿ ಬೇರೆ, 2005ರ ನಕ್ಷಾ ನೀತಿಯ ನಂತರ ಬಂದಿದ್ದು. ಅವು ಜಿಪಿಎಸ್ ಬಳಸೋ ಡೇಟಮ್ (ಅಕ್ಷಾಂಶ, ರೇಖಾಂಶ ಅಳೆಯೋಕೆ ಹಿಡಿಯೋ ಭೂಮಿಯ ಆಕಾರದ ಲೆಕ್ಕ) ಮೇಲೆ ಇವೆ. ಹಳೇವು ಎವರೆಸ್ಟ್ ಡೇಟಮ್. ಹಳೇ ಶೀಟಿನ ಅಕ್ಷಾಂಶ, ರೇಖಾಂಶವನ್ನ ನೇರ ಮೊಬೈಲಿಗೆ ಹಾಕಿ "ದೇವಸ್ಥಾನ ಪಕ್ಕದ ಹೊಲದಲ್ಲಿ ತೋರಿಸ್ತಿದೆ" ಅಂತ ಕೇಳಬೇಡಿ, ಹಾಗೇ ತೋರಿಸುತ್ತೆ.

ತೊಗರಿನಾಡು · ಮಂಗಳವಾರ ಬೆಳಿಗ್ಗೆ 6:48

ಕಿಲ್ಲಾರಿ ಹೆಸರ ನೋಡಿ ಬರೀಲಾಕತ್ತೀನ್ರಿ. ನಮ್ದು ಆಳಂದ ತಾಲ್ಲೂಕು. 1993ರಾಗ ನಾ ಹೈಸ್ಕೂಲ್ ಹುಡುಗ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ತಡರಾತ್ರಿ ಬಂದು ಮಲಗಿದ್ವಿ. ನಸುಕಿನಾಗ ನಾಕಕ್ಕ ಇನ್ನಾ ನಾಕು ನಿಮಿಷ ಇತ್ತಂತ ಆಮ್ಯಾಲ ಪೇಪರಿನಾಗ ಓದೀವಿ. ಮೊದಲ ಸಪ್ಪಳ ಬಂತ್ರಿ, ಲಾರಿ ಮನಿ ಮ್ಯಾಲೇ ಬಂದಂಗ. ಆಮ್ಯಾಲ ನಿಲುವಿನ ಮ್ಯಾಲಿನ ಡಬರಿ, ಚರಗಿ ಎಲ್ಲಾ ಉಳ್ಳಿ ಬಿದ್ವು. ಅವ್ವ ಎಲ್ಲಾರ್ನೂ ಎಳಕೊಂಡು ಅಂಗಳಕ್ಕ ಬಂದ್ಲು.

ನಮ್ಮೂರಾಗ ಗ್ವಾಡಿ ಸೀಳಿದ್ವು, ಜೀವ ಹೋಗ್ಲಿಲ್ಲ. ಕಿಲ್ಲಾರಿ ಕಡೆ ಬೀಗರಿದ್ರು, ಅಪ್ಪ ಹೋಗಿ ಬಂದ. ಬಂದವ ಎಷ್ಟೋ ದಿನ ಮಾತಾಡ್ಲಿಲ್ಲ.

ನಾ ಕೇಳೂದು ಇಷ್ಟರಿ: ಅಲ್ಲಿಗೂ ನಮಗೂ ನೆಟ್ಟಗ ಹಿಡಿದ್ರ ಐವತ್ತು-ಅರವತ್ತು ಕಿಲೋಮೀಟರ್. ಅಲ್ಲಿ ಊರಿಗೆ ಊರೇ ನೆಲಸಮ, ಇಲ್ಲಿ ಬರೇ ಬಿರುಕು. ರಿಕ್ಟರ್ ನಂಬರ್ ಒಂದೇ ಅಲ್ಲೇನು?

ಸೆಂಡೈಯಿಂದ · ಮಂಗಳವಾರ ಬೆಳಿಗ್ಗೆ 7:30

ಅಣ್ಣಾ, ನೀವು ಕೇಳಿದ್ದನ್ನು ಇಲ್ಲಿ ಜಪಾನಿನಲ್ಲಿ ಚಿಕ್ಕ ಮಕ್ಕಳೂ ಬಿಡಿಸಿ ಹೇಳ್ತಾರೆ, ಯಾಕಂದ್ರೆ ಟಿವಿಯಲ್ಲಿ ಪ್ರತಿ ಸಲ ಎರಡು ಅಂಕೆ ಬರುತ್ತೆ. ಒಂದು ಪ್ರಮಾಣ, ಅಂದ್ರೆ ಭೂಮಿಯೊಳಗೆ ಬಿಡುಗಡೆಯಾದ ಶಕ್ತಿ. ಒಂದು ಭೂಕಂಪಕ್ಕೆ ಅದು ಒಂದೇ. ಇನ್ನೊಂದು ತೀವ್ರತೆ, ಇಲ್ಲಿ ಅದಕ್ಕೆ ಶಿಂದೊ ಅಂತಾರೆ, ಸೊನ್ನೆಯಿಂದ ಏಳರ ತನಕ. ಅದು ಊರೂರಿಗೆ ಬೇರೆ. ನಮ್ಮ ದೇಶದ ಸುದ್ದಿಯಲ್ಲಿ ಮೊದಲನೇದು ಮಾತ್ರ ಹೇಳ್ತಾರೆ, ಎರಡನೇದು ಜನರ ಬಾಯಲ್ಲೇ ಉಳಿಯುತ್ತೆ. ನೀವು ಬರೆದ ಡಬರಿ ಉರುಳಿದ್ದು, ಗೋಡೆ ಸೀಳಿದ್ದು, ಅದೆಲ್ಲ ತೀವ್ರತೆಯ ದಾಖಲೆಯೇ. ಇಂಥ ಮಾತುಗಳನ್ನೇ ಊರೂರಿಂದ ಸಂಗ್ರಹಿಸಿ ಸಮತೀವ್ರತೆ ರೇಖೆಗಳ (ಒಂದೇ ತೀವ್ರತೆಯ ಊರುಗಳನ್ನು ಕೂಡಿಸುವ ಗೆರೆಗಳ) ನಕ್ಷೆ ಬರೀತಾರೆ.

ಕಿಲ್ಲಾರಿಯ ಪ್ರಮಾಣ 6.2. ಆದರೆ ಆಳ ಬಹಳ ಕಡಿಮೆ, ಹತ್ತು ಕಿ.ಮೀ. ಅಥವಾ ಅದಕ್ಕೂ ಕಡಿಮೆ. ನಾಭಿ (ಭೂಮಿಯೊಳಗೆ ಜಾರಿಕೆ ಶುರುವಾದ ಜಾಗ) ನೆಲಕ್ಕೆ ಹತ್ತಿರ ಇದ್ದಾಗ ನೇರ ಮೇಲಿರುವ ಊರುಗಳಿಗೆ ಏಟು ಜೋರು, ದೂರ ಹೋದಂತೆ ಬೇಗ ಇಳಿಯುತ್ತೆ.

ಓದುಗಿಯವರೇ, ನಿಮಗೆ ಪರೀಕ್ಷೆಗೆ: ಪ್ರಮಾಣ ಒಂದು ಅಂಕಿ ಹೆಚ್ಚಾದರೆ ಅಲೆಯ ಎತ್ತರ ಹತ್ತು ಪಟ್ಟು, ಶಕ್ತಿ ಸುಮಾರು 32 ಪಟ್ಟು. ಎರಡು ಅಂಕಿಗೆ ಸಾವಿರ ಪಟ್ಟು. ರಿಕ್ಟರ್ ತನ್ನ ಮಾಪಕ ಕೊಟ್ಟಿದ್ದು 1935ರಲ್ಲಿ. ದೊಡ್ಡ ಭೂಕಂಪಗಳಿಗೆ ಅದು ಸಾಲದು ಅಂತ 1979ರಿಂದ ಮೊಮೆಂಟ್ ಪ್ರಮಾಣ (ಬಿರುಕು ಎಷ್ಟು ಉದ್ದಗಲ, ಎಷ್ಟು ದೂರ ಜಾರಿತು ಅನ್ನೋದರಿಂದ ಲೆಕ್ಕ ಹಾಕೋದು) ಬಂತು. ಪತ್ರಿಕೆಗಳು ಈಗಲೂ ರಿಕ್ಟರ್ ಅಂತಲೇ ಬರೀತವೆ.

ಸಿಮೆಂಟುಕಬ್ಬಿಣ · ಮಂಗಳವಾರ ಬೆಳಿಗ್ಗೆ 9:15

ಆಳ ಒಂದೇ ಕಾರಣ ಅಲ್ಲ, ಸೆಂಡೈಯವರೇ. 1989ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಭೂಕಂಪ 6.9. ಸತ್ತವರು 63. ಕಿಲ್ಲಾರಿ 6.2, ಅಂದರೆ ಶಕ್ತಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲಿನಷ್ಟು. ಇಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಮನೆಯ ಬಗ್ಗೆ ಮಾತಾಡದೆ ಈ ಲೆಕ್ಕ ಬಿಡಿಸಲಿಕ್ಕೆ ಆಗುವುದಿಲ್ಲ.

ಆ ಸೀಮೆಯ ಮಾಳಿಗೆ ಮನೆ ನೋಡಿದವರಿಗೆ ಗೊತ್ತು. ಎರಡಡಿಗೂ ದಪ್ಪದ ಗೋಡೆ. ಹೊರಗೊಂದು ಪದರ, ಒಳಗೊಂದು ಪದರ ಕಲ್ಲು, ನಡುವೆ ಮಣ್ಣು ಮತ್ತು ಕಲ್ಲುಚೂರು. ಎರಡೂ ಪದರ ದಾಟಿ ಹಿಡಿದಿಡುವ ಉದ್ದಗಲ್ಲು ಇಡುವ ರೂಢಿ ಇಲ್ಲ. ಕಟ್ಟಿದ್ದು ಕೆಸರುಮಣ್ಣಿನಲ್ಲಿ. ಮೇಲೆ ಜಂತಿ, ಅದರ ಮೇಲೆ ಬಿಸಿಲು ತಡೆಯಲು ಹಾಕಿದ ಮಣ್ಣಿನ ಮೇಲುಮುದ್ದೆ, ಪ್ರತಿ ಮಳೆಗಾಲಕ್ಕೆ ಮುಂಚೆ ಇನ್ನಷ್ಟು ಮಣ್ಣು. ಬೇಸಿಗೆಗೆ ಇದಕ್ಕಿಂತ ತಂಪು ಮನೆ ಇಲ್ಲ. ಅಡ್ಡಕ್ಕೆ ಅಲುಗಿಸಿದರೆ ಗೋಡೆಯ ಎರಡು ಪದರ ಬೇರೆಯಾಗಿ ಹೊಟ್ಟೆ ಬಿಡುತ್ತವೆ, ಮೇಲಿನ ಅಷ್ಟೂ ಮಣ್ಣು ಮಲಗಿದವರ ಮೇಲೆ. ಬೆಳಗಿನ ಜಾವ, ಎಲ್ಲರೂ ಒಳಗೆ.

ಇನ್ನೊಂದು ನಕ್ಷೆಯ ಮಾತು. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ ಒಂದರಲ್ಲಿ, ಎಲ್ಲಕ್ಕಿಂತ ಸುರಕ್ಷಿತ ಎಂದು ಬಣ್ಣ ಹಚ್ಚಿದ ಜಾಗ. 2002ರ ಪರಿಷ್ಕರಣೆಯಲ್ಲಿ ವಲಯ ಒಂದನ್ನೇ ತೆಗೆದುಹಾಕಿ ಎರಡರಿಂದ ಐದು ಮಾತ್ರ ಉಳಿಸಿದರು, ಕಿಲ್ಲಾರಿ ಮೂರಕ್ಕೆ ಬಂತು. ಆ ನಕ್ಷೆಯಲ್ಲಿ ಬೆಂಗಳೂರು ಎರಡು, ಮಂಗಳೂರು ಮೂರು. ಅದರ ಪ್ರಕಾರ ಕಟ್ಟಡ ವಿನ್ಯಾಸಕ್ಕೆ ಹಿಡಿದ ಗುಣಾಂಕ (ನೆಲ ಎಷ್ಟು ಜೋರಾಗಿ ಅಲುಗಬಹುದು ಅನ್ನುವ ಅಂಕಿ) ಎರಡಕ್ಕೆ 0.10, ಮೂರಕ್ಕೆ 0.16, ಭುಜ್ ಇರುವ ಐದಕ್ಕೆ 0.36. ವಲಯ ನಕ್ಷೆ ಅಂದರೆ ಅಲ್ಲಿಯವರೆಗೆ ಗೊತ್ತಿದ್ದದ್ದರ ನಕ್ಷೆ. ಅದರ ಮುದ್ರಣ ವರ್ಷ ನೋಡದೆ ಉತ್ತರ ಬರೆಯಬೇಡಿ.

ಬಸಾಲ್ಟ್_ಬಸವ · ಮಂಗಳವಾರ ಮಧ್ಯಾಹ್ನ 1:10

ಮೇಷ್ಟ್ರು "ಹಳೇ ಬಿರುಕು" ಅಂದ್ರಲ್ಲ, ಅದು ಕಿಲ್ಲಾರಿಯಲ್ಲಿ ಯಾಕೆ ಯಾರಿಗೂ ಕಾಣಲಿಲ್ಲ ಅನ್ನೋದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ರುಚಿಯಾದ ಭಾಗ.

ದಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷ ಹಿಂದೆ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಆ ಕಪ್ಪು ಲಾವಾ ಕಲ್ಲಿನ (ಬಸಾಲ್ಟ್) ಹೊದಿಕೆ ಇದೆ. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕೆಲವು ಭಾಗ ಅದರ ದಕ್ಷಿಣದ ಅಂಚು. ಭೂಕಂಪದ ನಂತರ ಹೈದರಾಬಾದಿನ ಎನ್‌ಜಿಆರ್‌ಐನವರು (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಬಸಾಲ್ಟ್ ಮುಗಿದದ್ದು 338 ಮೀಟರ್ ಆಳದಲ್ಲಿ. ಅದರ ಕೆಳಗೆ ಮತ್ತೆ ನಮ್ಮ ರಾಯಚೂರು, ಬಳ್ಳಾರಿ ಕಡೆ ಮೇಲೇ ಕಾಣುವಂಥ ಬಹುಪುರಾತನ ಗಟ್ಟಿಶಿಲೆ. ಬಿರುಕು ಇರೋದು ಆ ಕೆಳಗಿನ ಶಿಲೆಯಲ್ಲಿ. ಭೂವಿಜ್ಞಾನ ನಕ್ಷೆ ತೆಗೆದರೆ ಆ ಜಾಗಕ್ಕೆಲ್ಲ ಒಂದೇ ಬಣ್ಣ: ಬಸಾಲ್ಟ್.

ಸರಿ, ಟೋಪೋಶೀಟಿನಲ್ಲಾದರೂ ಕಾಣುತ್ತಾ? 1993ರಲ್ಲಿ ನೆಲ ಒಡೆದು ಎದ್ದ ದಿಣ್ಣೆ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸು. 1:50,000 ಶೀಟಿನಲ್ಲಿ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನ ಕೂಡಿಸೋ ಗೆರೆಗಳ) ಅಂತರ 20 ಮೀಟರ್. ಎರಡು ರೇಖೆಗಳ ನಡುವೆ ಇಂಥ ಹತ್ತೊಂಬತ್ತು ದಿಣ್ಣೆ ಒಂದರ ಮೇಲೊಂದು ಅಡಗಬಹುದು! ಕಚ್ಛಿನಲ್ಲಿ 1819ರ ಜೂನ್ 16ರಂದು ಎದ್ದ ಅಲ್ಲಾ ಬಂಡ್ 80 ಕಿ.ಮೀ.ಗೂ ಉದ್ದ, ಕೆಲವೆಡೆ 6 ಮೀಟರ್ ಎತ್ತರ. ಅದು ಕೂಡ 20 ಮೀಟರ್ ಅಂತರದಲ್ಲಿ ಸಿಕ್ಕಿಬೀಳೋದಿಲ್ಲ. ಅದನ್ನ ಗುರುತಿಸೋದು ಹೊಳೆ ದಿಕ್ಕು ಬದಲಿಸಿದ್ದರಿಂದ, ನೀರು ನಿಂತ ಜಾಗದಿಂದ, ಬಿಡಿ ಎತ್ತರದ ಅಂಕಿಗಳಿಂದ.

ಅದಕ್ಕೇ ನಕ್ಷೆ ಕೈಗೆ ಬಂದ ಕೂಡಲೇ ನಾನು ಮೊದಲು ನೋಡೋದು ಸಮೋನ್ನತಿ ಅಂತರ ಎಷ್ಟು ಅಂತ. ಈ ನಕ್ಷೆಗೆ ಯಾವುದು ಕಾಣೋದೇ ಇಲ್ಲ ಅನ್ನೋದು ಅಲ್ಲೇ ಬರೆದಿರುತ್ತೆ.

ಅಂದ ಹಾಗೆ ಕಿಲ್ಲಾರಿಯಲ್ಲಿ 1992ರ ಆಗಸ್ಟ್‌ನಿಂದಲೇ ಸಣ್ಣ ಸಣ್ಣ ನಡುಕ ಬರ್ತಿತ್ತು.

ಪಂಚಾಂಗಪ್ರಿಯ · ಮಂಗಳವಾರ ಮಧ್ಯಾಹ್ನ 2:05

ಹುಣ್ಣಿಮೆ ಹಿಂದೆಮುಂದೆ ಆಗೋದು ಗಮನಿಸಿದ್ದೀರಾ? ಕಿಲ್ಲಾರಿ ಅನಂತ ಚತುರ್ದಶಿ ಮರುದಿನ, ಅಂದ್ರೆ ಹುಣ್ಣಿಮೆ. ಗ್ರಹಗತಿ ನೋಡಿ ಮುಂಚೆಯೇ ಹೇಳಬಹುದು, ವಿಜ್ಞಾನಿಗಳು ಒಪ್ಪಲ್ಲ ಅಷ್ಟೇ.

ಬಸಾಲ್ಟ್_ಬಸವ · ಮಂಗಳವಾರ ಮಧ್ಯಾಹ್ನ 2:20

ಸ್ವಾಮಿ, ಭುಜ್ ಭೂಕಂಪ 2001ರ ಜನವರಿ 26ರಂದು. ಅಮಾವಾಸ್ಯೆ ಕಳೆದು ಎರಡು ದಿನ. ಹುಣ್ಣಿಮೆಯನ್ನೂ ಸೇರಿಸಿ, ಅಮಾವಾಸ್ಯೆಯನ್ನೂ ಸೇರಿಸಿ, ಹಿಂದೆಮುಂದೆ ಮೂರು ಮೂರು ದಿನ ಸೇರಿಸಿದರೆ ತಿಂಗಳಲ್ಲಿ ಹದಿನಾಲ್ಕು ದಿನ ನಿಮ್ಮದೇ ಆಯ್ತಲ್ಲ.

ಪಂಚಾಂಗಪ್ರಿಯ · ಮಂಗಳವಾರ ಮಧ್ಯಾಹ್ನ 2:26

ನಂಬಿಕೆ ಇಲ್ಲದವರಿಗೆ ಏನು ಹೇಳಿ ಏನು ಪ್ರಯೋಜನ.

ಸೆಂಡೈಯಿಂದ · ಮಂಗಳವಾರ ಸಂಜೆ 4:40

ದಿನ, ಸಮಯ, ಜಾಗ ಹೇಳಿ ಮುನ್ಸೂಚನೆ ಕೊಡೋದು ಜಪಾನಿನವರ ಕೈಲೂ ಆಗಿಲ್ಲ. ಮೊಬೈಲಿನಲ್ಲಿ ಬರುವ ಎಚ್ಚರಿಕೆ ಬೇರೆ ವಿಷಯ. ಅದು ಬರೋದು ಭೂಕಂಪ ಶುರುವಾದ ಮೇಲೆ. ಮೊದಲು ಓಡಿ ಬರುವ ಪ್ರಾಥಮಿಕ ಅಲೆ ಹೊರಕವಚದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಹೋಗುತ್ತೆ, ಹಾನಿ ಮಾಡುವ ದ್ವಿತೀಯ ಅಲೆ ಸುಮಾರು 3.5 ಕಿ.ಮೀ. ಹತ್ತಿರದ ಯಂತ್ರ ಮೊದಲನೆಯದನ್ನು ಹಿಡಿದು ದೂರದ ಊರಿಗೆ ಸುದ್ದಿ ಮುಟ್ಟಿಸುತ್ತೆ. ಸಿಗೋದು ಕೆಲವು ಸೆಕೆಂಡು. ಬುಲೆಟ್ ರೈಲಿಗೆ ಬ್ರೇಕ್ ಹಾಕಲು ಅಷ್ಟೇ ಸಾಕು. ತೊಗರಿನಾಡು ಅಣ್ಣ "ಮೊದಲ ಸಪ್ಪಳ, ಆಮ್ಯಾಲ ಡಬರಿ ಬಿದ್ವು" ಅಂದ್ರಲ್ಲ, ಬಹುಶಃ ಆ ಎರಡು ಅಲೆಗಳ ನಡುವಿನ ಅಂತರವೇ ಅದು.

ಇದೇ ಅಂತರದಿಂದ ಎಪಿಸೆಂಟರ್ (ನಾಭಿಯ ನೇರ ಮೇಲಿನ ನೆಲದ ಜಾಗ) ಹುಡುಕೋದು. ಎರಡು ಅಲೆಗಳ ನಡುವಿನ ಸೆಕೆಂಡನ್ನು 8ರಿಂದ ಗುಣಿಸಿದರೆ ದೂರ ಕಿ.ಮೀ.ನಲ್ಲಿ ಹೆಚ್ಚುಕಡಿಮೆ ಬರುತ್ತೆ. ಒಂದು ಕೇಂದ್ರದಿಂದ ದೂರ ಮಾತ್ರ ತಿಳಿಯುತ್ತೆ, ದಿಕ್ಕು ತಿಳಿಯೋಲ್ಲ. ಕೈವಾರ ತಗೊಂಡು ಮೂರು ಕೇಂದ್ರಗಳಿಂದ ಮೂರು ವೃತ್ತ ಎಳೆದರೆ ಕೂಡುವ ಜಾಗವೇ ಎಪಿಸೆಂಟರ್. ಕಾಗದದ ಮೇಲೆ ಒಂದೇ ಬಿಂದುವಿನಲ್ಲಿ ಕೂಡಲ್ಲ, ಸಣ್ಣ ತ್ರಿಕೋನ ಉಳಿಯುತ್ತೆ. ಗಾಬರಿ ಬೇಡ, ಉಳಿಯಲೇಬೇಕು.

ಒಂದೇ ಜಾಗದಿಂದ ದಿಕ್ಕನ್ನೂ ತಿಳಿಯಬೇಕಂದ್ರೆ ಹಲವು ಯಂತ್ರಗಳನ್ನು ಹರಡಿ ಇಡಬೇಕು. ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಇರೋದು ಅದೇ, ಭಾಭಾ ಅಣು ಸಂಶೋಧನಾ ಕೇಂದ್ರದ್ದು, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಯಂತ್ರಗಳ ಸಾಲು. ಬೇರೆ ದೇಶಗಳ ಅಣು ಪರೀಕ್ಷೆಗಳನ್ನೂ ಅದು ಹಿಡಿಯುತ್ತೆ.

ಭೂಗೋಳ_ಮೇಷ್ಟ್ರು · ಮಂಗಳವಾರ ಸಂಜೆ 6:15

ಒಂದು ಲೆಕ್ಕ ಕೊಡ್ತೀನಿ, ಓದುತ್ತಿರುವ ಮಕ್ಕಳೆಲ್ಲ ಮಾಡಿ. ಕಿಲ್ಲಾರಿ 18°04' ಉ., 76°35' ಪೂ. ಕಲಬುರಗಿ 17°20' ಉ., 76°50' ಪೂ. ನೇರ ದೂರ ಎಷ್ಟು? 18 ಡಿಗ್ರಿ ಅಕ್ಷಾಂಶದ ಹತ್ತಿರ ಒಂದು ಡಿಗ್ರಿ ರೇಖಾಂಶ ಸುಮಾರು 106 ಕಿ.ಮೀ. ಅಂತ ಹಿಡಿಯಿರಿ. ಕಲಬುರಗಿಯಲ್ಲಿ ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು?

ಕೆಎಎಸ್_ಕನಸು · ಮಂಗಳವಾರ ಸಂಜೆ 6:50

94 ಕಿ.ಮೀ. ಸರ್. ಅಕ್ಷಾಂಶದ ವ್ಯತ್ಯಾಸ 0.84, ರೇಖಾಂಶದ್ದು 0.15. ಪೈಥಾಗೊರಸ್ ಹಾಕಿದೆ.

ಭೂಗೋಳ_ಮೇಷ್ಟ್ರು · ಮಂಗಳವಾರ ಸಂಜೆ 7:05

0.84 ಎಲ್ಲಿಂದ ಬಂತಪ್ಪ? 18.04ರಲ್ಲಿ 17.20 ಕಳೆದಿದ್ದೀಯ. ನಿಮಿಷಕ್ಕೆ 60, ನೂರಲ್ಲ! ಗಡಿಯಾರದಲ್ಲಿ 6:04ರಿಂದ 5:20 ಕಳೆದರೆ 84 ನಿಮಿಷ ಅಂತೀಯಾ? ಪ್ರತಿ ವರ್ಷ ಅರ್ಧ ಕ್ಲಾಸು ಇದೇ ಗುಂಡಿಗೆ ಬೀಳುತ್ತೆ.

ಓದುಗಿ_ಹಾವೇರಿ · ಮಂಗಳವಾರ ಸಂಜೆ 7:22

ಸರ್ ನಾನು ಮಾಡಿದೆ. ಅಕ್ಷಾಂಶ ವ್ಯತ್ಯಾಸ 44 ನಿಮಿಷ, ಅಂದ್ರೆ 0.733 ಡಿಗ್ರಿ, 81 ಕಿ.ಮೀ. ರೇಖಾಂಶ 15 ನಿಮಿಷ, ಕಾಲು ಡಿಗ್ರಿ, 26.5 ಕಿ.ಮೀ. ನೇರ ದೂರ ಸುಮಾರು 86 ಕಿ.ಮೀ. ಎಂಟರಿಂದ ಭಾಗಿಸಿದ್ರೆ ಹತ್ತರಿಂದ ಹನ್ನೊಂದು ಸೆಕೆಂಡು.

ಒಂದು ಡೌಟು: ರೇಖಾಂಶದ ಡಿಗ್ರಿ ಯಾಕೆ 111 ಅಲ್ಲ, 106?

ಭೂಗೋಳ_ಮೇಷ್ಟ್ರು · ಮಂಗಳವಾರ ಸಂಜೆ 7:40

ಭೇಷ್. ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುತ್ತವೆ, ಹಾಗಾಗಿ ಮೇಲೆ ಹೋದಂತೆ ನಡುವಿನ ಜಾಗ ಕಿರಿದಾಗುತ್ತೆ. 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸು. ಸಮಭಾಜಕದಲ್ಲಿ 111, ನಿಮ್ಮ ಹಾವೇರಿಯಲ್ಲಿ 107, ಸೆಂಡೈಯವರು ಇರುವ 38 ಡಿಗ್ರಿಯಲ್ಲಿ 87, ಧ್ರುವದಲ್ಲಿ ಸೊನ್ನೆ. ಅದಕ್ಕೇ 1:50,000 ಶೀಟ್ 15 ನಿಮಿಷಕ್ಕೆ 15 ನಿಮಿಷ ಆದರೂ ಪೂರಾ ಚೌಕ ಇರುವುದಿಲ್ಲ.

ಮಲ್ಪೆ_ಹುಡುಗ · ಮಂಗಳವಾರ ರಾತ್ರಿ 8:30

ಇಷ್ಟೆಲ್ಲ ಮಾತಾಡಿದ್ರಿ ಮಾರಾಯ್ರೆ, ನಮ್ಮ ಸೇಂಟ್ ಮೇರೀಸ್ ದ್ವೀಪ ಯಾರೂ ಹೇಳ್ಲಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರೆ ಆಗುವಾಗ, ಸುಮಾರು 8.8 ಕೋಟಿ ವರ್ಷದ ಹಿಂದಿನ ಜ್ವಾಲಾಮುಖಿ ಕಲ್ಲು ಅದು. ಕಂಬ ಕಂಬ ನಿಂತದ್ದು ನೋಡಿ ಎಲ್ಲರೂ ಬಸಾಲ್ಟ್ ಅಂತಾರೆ, ಆದ್ರೆ ಅದು ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಜಾತಿಯದ್ದು, ದಖನ್ ಲಾವಾಕ್ಕಿಂತ ಹಳತು. ಫಲಕ ಚಲನೆಗೆ ಸಾಕ್ಷಿ ಬೇಕಾದ್ರೆ ಮಲ್ಪೆಯಿಂದ ಬೋಟ್ ಹತ್ತಿದ್ರೆ ಆಯ್ತು. ಮಳೆಗಾಲದಲ್ಲಿ ಬರ್ಬೇಡಿ, ಬೋಟ್ ಇರುದಿಲ್ಲ.

ಕೃಷ್ಣೆಯ_ದಂಡೆ · ಬುಧವಾರ ಬೆಳಿಗ್ಗೆ 8:10

ಕೊಯ್ನಾ ಡ್ಯಾಂನಿಂದ ಭೂಕಂಪ ಆಯ್ತು ಅಂತಾರಲ್ರಿ. ಹಂಗಾದ್ರ ನಮ್ಮ ವಿಜಯಪುರ ಜಿಲ್ಲಾದಾಗ ಆಗಾಗ ನಡುಗೂದು ಆಲಮಟ್ಟಿ ಡ್ಯಾಂ ಸಲುವಾಗಿ ಅನ್ನಬಹುದಲ್ಲ? 2021ರಾಗ ಚಿಂಚೋಳಿ ಕಡಿ ಗಡಿಕೇಶ್ವಾರದಾಗ ಮಂದಿ ಮನಿ ಬಿಟ್ಟು ಹೊರಗ ಮಲಗಿದ್ರು. ಅಲ್ಲಿ ಯಾವ ಡ್ಯಾಂ ಐತಿ?

ಬಸಾಲ್ಟ್_ಬಸವ · ಬುಧವಾರ ಬೆಳಿಗ್ಗೆ 9:35

ನಿಮ್ಮ ಎರಡನೇ ಪ್ರಶ್ನೆ ಮೊದಲನೇದಕ್ಕೆ ಅರ್ಧ ಉತ್ತರ ಕೊಟ್ಟಿದೆ ರೀ.

ಕೊಯ್ನಾದಲ್ಲಿ 1962ರಿಂದ ನೀರು ತುಂಬಿಸಿದರು. ಅಲ್ಲಿಂದಲೇ ನಡುಕಗಳು ಹೆಚ್ಚಾದವು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3 ಪ್ರಮಾಣದ್ದು, ಸುಮಾರು 180 ಜನ ಸತ್ತರು. ಇಷ್ಟು ವರ್ಷ ಆದರೂ ಅದೇ ಸಣ್ಣ ಪ್ರದೇಶದಲ್ಲಿ ಕಂಪನ ನಿಂತಿಲ್ಲ, ಜಲಾಶಯದ ಮಟ್ಟ ಏರಿಳಿಯುವ ಕಾಲಕ್ಕೂ ಅದಕ್ಕೂ ಹೊಂದಿಕೆ ಕಾಣುತ್ತೆ. ಅದಕ್ಕೇ ಜಗತ್ತಿನ ವಿಜ್ಞಾನಿಗಳು ಅಲ್ಲಿಗೆ ಬರ್ತಾರೆ. ಕರಾಡದಲ್ಲಿ ಇದಕ್ಕೇ ಒಂದು ಪ್ರಯೋಗಾಲಯ ಇದೆ, ಅಲ್ಲಿ 3 ಕಿ.ಮೀ. ಆಳ ಕೊರೆದಿದ್ದಾರೆ. ಆದರೆ ನೀರು ಭೂಕಂಪವನ್ನು ಸೃಷ್ಟಿ ಮಾಡಲ್ಲ. ಮೊದಲೇ ಬಿಗಿದು ನಿಂತಿರುವ ಬಿರುಕಿಗೆ ನೀರಿನ ಭಾರ, ಬಿರುಕೊಳಗೆ ಇಳಿದ ನೀರಿನ ಒತ್ತಡ ಎರಡೂ ಸೇರಿ ಜಾರೋ ದಿನವನ್ನ ಹತ್ತಿರ ತರುತ್ತವೆ. ಬಿರುಕೇ ಬಿಗಿದಿಲ್ಲ ಅಂದ್ರೆ ಎಷ್ಟು ನೀರು ನಿಲ್ಲಿಸಿದ್ರೂ ಅಷ್ಟೇ. ದೇಶದಲ್ಲಿ ಸಾವಿರಾರು ಡ್ಯಾಂ ಇವೆ, ಕೊಯ್ನಾದಂಥದ್ದು ತೀರಾ ಅಪರೂಪ.

ಆಲಮಟ್ಟಿ ಬಗ್ಗೆ ಹೇಳಬೇಕಾದ್ರೆ ಡ್ಯಾಂ ಹೆಸರು ಸಾಲದು. ನಡುಕಗಳ ಎಪಿಸೆಂಟರ್‌ಗಳನ್ನು ನಕ್ಷೆ ಮೇಲೆ ಗುರುತು ಹಾಕಿ ಜಲಾಶಯದಿಂದ ದೂರ ಅಳೀಬೇಕು, ಆಳ ನೋಡಬೇಕು, ತಿಂಗಳುವಾರು ನೀರಿನ ಮಟ್ಟದ ಪಕ್ಕ ಇಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಕಂಪನದ ಅಕ್ಷಾಂಶ, ರೇಖಾಂಶ, ಆಳ ಪ್ರಕಟಿಸುತ್ತೆ. ಬಿಎ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ವಿಷಯ ಇಲ್ಲ.

ಗಡಿಕೇಶ್ವಾರದ್ದು ಪ್ರಮಾಣ 4ರ ಆಸುಪಾಸು. 6.2ರ ಕಿಲ್ಲಾರಿ ಅದಕ್ಕಿಂತ ಶಕ್ತಿಯಲ್ಲಿ ಸುಮಾರು ಎರಡು ಸಾವಿರ ಪಟ್ಟು. ನೆಲದಡಿ ಸಪ್ಪಳ ಕೇಳಿ ಮನೆ ಬಿಟ್ಟವರಿಗೆ ಈ ಅಂಕಿ ಹೇಳಿದರೆ ನಿದ್ದೆ ಬರೋದಿಲ್ಲ, ಅದೂ ಗೊತ್ತು.

ತೊಗರಿನಾಡು · ಬುಧವಾರ ಬೆಳಿಗ್ಗೆ 10:20

ಹೌದ್ರಿ, 1993 ನೋಡಿದವರಿಗೆ ನಾಕೂ ಒಂದೇ, ಆರೂ ಒಂದೇ. ಸಪ್ಪಳ ಬಂದ್ರ ಸಾಕು, ಕಾಲು ಅಂಗಳದಾಗ ಇರ್ತಾವ.

ಸೆಂಡೈಯಿಂದ · ಬುಧವಾರ ಮಧ್ಯಾಹ್ನ 12:15

ನಕ್ಷೆಹುಚ್ಚ ಅವರಿಗೆ ಇಷ್ಟವಾಗೋ ಒಂದು ವಿಷಯ. 2011ರ ಮಾರ್ಚ್ 11ರ ಭೂಕಂಪದಲ್ಲಿ ನಾನಿರುವ ಕಡೆಯ ಒಶಿಕಾ ಪರ್ಯಾಯ ದ್ವೀಪ ಒಂದೇ ಏಟಿಗೆ 5.3 ಮೀಟರ್ ಪೂರ್ವ-ಆಗ್ನೇಯಕ್ಕೆ ಸರಿದು 1.2 ಮೀಟರ್ ಕುಸಿಯಿತು. ಟೋಕಿಯೊದಲ್ಲಿ ಇಡೀ ದೇಶದ ಅಕ್ಷಾಂಶ, ರೇಖಾಂಶಕ್ಕೆ ಆಧಾರವಾದ ಮೂಲಬಿಂದುವೇ 27 ಸೆಂ.ಮೀ. ಪೂರ್ವಕ್ಕೆ ಹೋಯಿತು! ಸರ್ವೇ ಅಂಕಿಗಳನ್ನು ಅಧಿಕೃತವಾಗಿ ತಿದ್ದಬೇಕಾಯಿತು. 2024ರ ಜನವರಿ 1ರಂದು ನೋಟೊದಲ್ಲಿ ತೀರ ಕೆಲವೆಡೆ 4 ಮೀಟರ್ ಮೇಲೆದ್ದು ಬಂದರುಗಳಲ್ಲಿ ನೀರೇ ಇಲ್ಲದ ಹಾಗಾಯಿತು. ಕರಾವಳಿಯ ಗೆರೆಯನ್ನೇ ಹೊಸದಾಗಿ ಬರೆದರು.

ನಕ್ಷೆಹುಚ್ಚ · ಬುಧವಾರ ಮಧ್ಯಾಹ್ನ 12:50

ಮೂಲಬಿಂದುವೇ ಜಾರೋದಾ! ಇದನ್ನ ನಾಳೆ ಹತ್ತು ಜನಕ್ಕೆ ಹೇಳ್ತೀನಿ.

ಓದುಗಿಯವರೇ, ಪ್ರಾಕ್ಟಿಕಲ್‌ಗೆ ಇನ್ನೆರಡು ಮಾತು. ಗ್ರಿಡ್ ರೆಫರೆನ್ಸ್ (ನಕ್ಷೆಯ ಚೌಕಗೆರೆಗಳ ನಂಬರಿನಿಂದ ಜಾಗ ಹೇಳೋ ಅಂಕಿ) ಬರೆಯೋವಾಗ ಮೊದಲು ಬಲಕ್ಕೆ, ಆಮೇಲೆ ಮೇಲಕ್ಕೆ. ಲಂಬ ಗೆರೆ 42 ದಾಟಿ ಹತ್ತರಲ್ಲಿ ಆರು ಭಾಗ, ಅಡ್ಡ ಗೆರೆ 17 ದಾಟಿ ಹತ್ತರಲ್ಲಿ ಮೂರು ಭಾಗ ಅಂದ್ರೆ 426173. ನಡುವೆ ಅಲ್ಪವಿರಾಮ, ಚುಕ್ಕೆ ಏನೂ ಬೇಡ. ಅಕ್ಷಾಂಶ, ರೇಖಾಂಶಕ್ಕೆ ಇದರ ಉಲ್ಟಾ, ಉತ್ತರದ್ದು ಮೊದಲು. ಗೊಂದಲ ಆಗೋದು ಅದಕ್ಕೇ.

ಆಮೇಲೆ ಜೆರಾಕ್ಸ್ ಶೀಟಿನ ಕಥೆ. 1:50,000ದಲ್ಲಿ 2 ಸೆಂ.ಮೀ.ಗೆ 1 ಕಿ.ಮೀ. ಆದರೆ ಅಂಗಡಿಯವನು ಕಾಗದಕ್ಕೆ ಹೊಂದಲಿ ಅಂತ ಚಿಕ್ಕದು ಮಾಡಿಕೊಟ್ಟರೆ ಆ ಭಿನ್ನರಾಶಿ ಸುಳ್ಳಾಯ್ತು. ಕೆಳಗೆ ಬರೆದಿರೋ ರೇಖಾ ಮಾಪಕ ಮಾತ್ರ ನಕ್ಷೆ ಜೊತೆಗೇ ಕುಗ್ಗಿರುತ್ತೆ, ಅದು ಸುಳ್ಳು ಹೇಳಲ್ಲ. ದಾರದಿಂದ ರಸ್ತೆ ಅಳೆದು ದಾರವನ್ನ ಆ ಗೆರೆ ಮೇಲೆ ಇಡಿ. ಮೊಬೈಲ್ ಪರದೆಗೂ ಇದೇ ನಿಯಮ.

ಕೊನೇದಾಗಿ ಮನೆಕೆಲಸ: ಕೊಯ್ನಾ ಅಣೆಕಟ್ಟು ಸುಮಾರು 17°24' ಉ., 73°45' ಪೂ. ಶೀಟ್ ನಂಬರ್?

ಓದುಗಿ_ಹಾವೇರಿ · ಬುಧವಾರ ರಾತ್ರಿ 9:05

47ನೇ ಚೌಕ, ಎರಡನೇ ಸಾಲಲ್ಲಿ ಮೇಲಿಂದ ಮೂರನೇದು, ಹಾಗಾಗಿ 47 ಜಿ. ಅಲ್ಲಿ ತನಕ ಸರಿ. ಆದ್ರೆ 73°45' ಅನ್ನೋದು ಎರಡು ಶೀಟಿನ ನಡುವಿನ ಗೆರೆಯೇ ಆಯ್ತಲ್ಲ ಸರ್! ಎಡಕ್ಕೆ 47 ಜಿ/11, ಬಲಕ್ಕೆ 47 ಜಿ/15. ಯಾವುದು ಬರೀಲಿ?

ನಕ್ಷೆಹುಚ್ಚ · ಬುಧವಾರ ರಾತ್ರಿ 9:18

ಎರಡೂ ಬರೀರಿ. ಲ್ಯಾಬಲ್ಲಿ ಎರಡೂ ಶೀಟ್ ಕೇಳಿ ಅಂಚಿಗೆ ಅಂಚು ಕೂಡಿಸಿ ಇಡಿ. ಮೊದಲು ಎರಡರ ಸರ್ವೇ ವರ್ಷ ನೋಡ್ಕೊಳ್ಳಿ. ಒಂದು ಜಲಾಶಯ ತುಂಬೋಕೆ ಮುಂಚಿನದು, ಇನ್ನೊಂದು ತುಂಬಿದ ಮೇಲಿನದು ಸಿಕ್ಕಿದ್ರೆ ನೀಲಿ ಬಣ್ಣ ಅಂಚಿಗೆ ಬಂದು ನಿಂತುಬಿಡುತ್ತೆ, ಆಚೆ ಕಡೆ ಬರೀ ನದಿ ಇರುತ್ತೆ.